ಸ್ವಯಂಸೇವಕರೇ ನಡೆಸುವ ರಾಜಕೀಯ ಅಭಿಪ್ರಾಯ ತಾಣ: ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ರಾಜಕೀಯ ಅಭಿಪ್ರಾಯಕ್ಕೆಂದೇ ಒಂದು ಜಾಲತಾಣ ಶುರುಮಾಡಲು ಶನಿವಾರ, ಭಾನುವಾರ ಎರಡು ದಿನ ಸಾಕು. ಡೊಮೇನ್ (ತಾಣದ ವಿಳಾಸ), ಹೋಸ್ಟಿಂಗ್ (ತಾಣ ಇಡುವ ಜಾಗ) ಸೇರಿ ವರ್ಷಕ್ಕೆ ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಮೂರನೇ ವರ್ಷವೂ ಅದು ಉಸಿರಾಡುತ್ತಿರುತ್ತದೆಯೇ ಎಂಬುದು ಬೇರೆಯೇ ಲೆಕ್ಕ. ಬಂದ ಲೇಖನ ಓದಿ, ತಿದ್ದಿ, ಅಂಕಿಅಂಶ ತಾಳೆ ನೋಡಿ ಹಾಕುವವರ ಬಳಿ ವಾರಕ್ಕೆ ಎಷ್ಟು ಗಂಟೆ ಇದೆ? ಬರೆಯುವವರು ಸಿಗುತ್ತಾರೆ, ಚುನಾವಣೆ ಹತ್ತಿರ ಬಂದರಂತೂ ಸಾಲುಗಟ್ಟುತ್ತಾರೆ. ತಿದ್ದುವವರಿಗೇ ಬರ. ಮುಂದೆ ಹೇಳಿರುವುದೆಲ್ಲ ಆ ಗಂಟೆಗಳನ್ನು ಉಳಿಸುವ ದಾರಿಗಳು.

ಮೊದಲು ಗಂಟೆ ಎಣಿಸಿ

ಸಾವಿರ ಪದಗಳ ಲೇಖನವೊಂದಕ್ಕೆ ಮೊದಲ ಓದು 20 ನಿಮಿಷ, ಅಂಕಿಅಂಶ ಪರಿಶೀಲನೆ ಒಂದೂವರೆ ಗಂಟೆ, ಭಾಷೆ ತಿದ್ದುವುದು ಒಂದು ಗಂಟೆ, ಲೇಖಕರ ಜತೆ ಮಾತುಕತೆ ಅರ್ಧ ಗಂಟೆ. ತಲೆಬರಹ, ಚಿತ್ರ, ಪುಟಕ್ಕೆ ಏರಿಸುವುದು, ಹಂಚುವುದು ಸೇರಿ 40 ನಿಮಿಷ. ಒಟ್ಟು ನಾಲ್ಕು ಗಂಟೆ. ಆರು ಜನ ಸ್ವಯಂಸೇವಕರು ವಾರಕ್ಕೆ ತಲಾ ನಾಲ್ಕು ಗಂಟೆ ಕೊಟ್ಟರೆ 24 ಗಂಟೆ ಆಯಿತು. ಅದರಲ್ಲಿ ಕಾಲುಭಾಗ ಸಭೆಗೆ, ಲೆಕ್ಕಪತ್ರಕ್ಕೆ, ತಾಂತ್ರಿಕ ರಿಪೇರಿಗೆ ಹೋಗುತ್ತದೆ. ಉಳಿದ 18 ಗಂಟೆಯಲ್ಲಿ ಆಗುವುದು ವಾರಕ್ಕೆ ನಾಲ್ಕು ಲೇಖನ.

ಹಾಗಾಗಿ ನಾಲ್ಕೇ ಹಾಕಿ. ದಿನಕ್ಕೊಂದು ಲೇಖನ ಎಂದು ಘೋಷಿಸಿದ ತಂಡ ಎರಡನೇ ತಿಂಗಳಲ್ಲೇ ಪರಿಶೀಲನೆಯ ಒಂದೂವರೆ ಗಂಟೆಯನ್ನು ಕತ್ತರಿಸುತ್ತದೆ, ಏಕೆಂದರೆ ಓದುಗರಿಗೆ ಕಾಣದ ಕೆಲಸ ಅದೊಂದೇ. ಎಡವಟ್ಟು ಆಗುವುದೂ ಅಲ್ಲೇ. ನಾಲ್ಕರಲ್ಲಿ ಒಂದು ಲೇಖನವನ್ನು ‘ತಂಗಳಾಗದ’ ವಿಷಯಕ್ಕೆ ಮೀಸಲಿಡಿ: ಪಂಚಾಯತ್ ರಾಜ್, ಮೀಸಲಾತಿ, ಹಣಕಾಸು ಆಯೋಗದ ಹಂಚಿಕೆ, ಕಾವೇರಿ ತೀರ್ಪು. ಇಂಥ ಮೂರು ಲೇಖನಗಳು ಸದಾ ಸಿದ್ಧವಾಗಿದ್ದರೆ ಎಲ್ಲರಿಗೂ ಜ್ವರ ಬಂದ ವಾರವೂ ತಾಣ ಖಾಲಿ ಬೀಳುವುದಿಲ್ಲ.

ಯಾರ ಹೆಸರಿನಲ್ಲಿ, ಯಾರ ದುಡ್ಡಿನಲ್ಲಿ

ಸ್ನೇಹಿತರು ಸೇರಿ ಶುರುಮಾಡಿದ ತಾಣದಲ್ಲಿ ಮೊದಲ ಜಗಳ ಸಿದ್ಧಾಂತಕ್ಕಿಂತ ಡೊಮೇನ್ ಬಗ್ಗೆ ಆಗುವುದೇ ಹೆಚ್ಚು. ಡೊಮೇನ್ ಒಬ್ಬರ ಸ್ವಂತ ಇಮೇಲ್‌ನಲ್ಲಿ ನೋಂದಣಿಯಾಗಿರುತ್ತದೆ. ಅವರಿಗೆ ಬೇಸರವಾದರೆ ಅಥವಾ ಅವರ ಕಾರ್ಡಿನ ಅವಧಿ ಮುಗಿದರೆ ತಾಣವೇ ಹೋಗುತ್ತದೆ. ತಂಡದ ಹೆಸರಿನಲ್ಲಿ ಪ್ರತ್ಯೇಕ ಇಮೇಲ್ ಮಾಡಿ, ಡೊಮೇನ್, ಹೋಸ್ಟಿಂಗ್, ಸಾಮಾಜಿಕ ಜಾಲತಾಣದ ಖಾತೆ ಎಲ್ಲವನ್ನೂ ಅದಕ್ಕೇ ಜೋಡಿಸಿ. ಆ ಇಮೇಲ್ ಕೈತಪ್ಪಿದರೆ ಮರುಪಡೆಯುವುದು ಬೇರೆ ಯಾವುದೇ ಇಮೇಲ್ ಅನ್ನು ಅವಲಂಬಿಸಬಾರದು. ಇಬ್ಬರ ಫೋನ್ ಸಂಖ್ಯೆ ಮರುಪಡೆಯಲು ಇರಲಿ. ಡೊಮೇನ್ ನವೀಕರಣವನ್ನು ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡಿ.

ದೇಣಿಗೆ ಕೇಳುವ ಯೋಚನೆ ಇದ್ದರೆ ನೋಂದಣಿ ಮೊದಲಾಗಲಿ. ಯುಪಿಐ ಮೂಲಕ ಖಜಾಂಚಿಯ ಸ್ವಂತ ಖಾತೆಗೆ ಬಂದ ಹಣ ತೆರಿಗೆಯವರ ಕಣ್ಣಿಗೆ ಖಜಾಂಚಿಯ ಹಣವೇ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು. ಇಬ್ಬರೇ ಇದ್ದರೂ ಕಂಪನಿ ಕಾಯ್ದೆಯ ಸೆಕ್ಷನ್ 8ರ (ಲಾಭ ಹಂಚದ) ಕಂಪನಿ ಮಾಡಬಹುದು, ಆದರೆ ವಾರ್ಷಿಕ ದಾಖಲೆ ಸಲ್ಲಿಕೆ, ಲೆಕ್ಕಪರಿಶೋಧನೆಯ ಖರ್ಚು ಜಾಸ್ತಿ. ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಕೈಗೆ ಬರುವ ಮುನ್ನ ದಾನಿಗಳಿಗೆ ಅದರ ಆಸೆ ತೋರಿಸಬೇಡಿ. ರಾಜಕೀಯ ಉದ್ದೇಶವನ್ನು ಆದಾಯ ತೆರಿಗೆ ಇಲಾಖೆ ದತ್ತಿ ಉದ್ದೇಶ ಎಂದು ಒಪ್ಪುವುದು ಕಷ್ಟ.

ಅಮೆರಿಕ, ಇಂಗ್ಲೆಂಡಿನ ಕನ್ನಡಿಗರು ದುಡ್ಡು ಕೊಡಲು ಮುಂದೆ ಬರುತ್ತಾರೆ. ಇಲ್ಲಿ ಎಚ್ಚರ ತಪ್ಪಬಾರದು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯ ಪ್ರಕಾರ ವಿದೇಶಿ ಮೂಲ. ಆ ಹಣವನ್ನು ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸುದ್ದಿ ಅಥವಾ ಪ್ರಚಲಿತ ವಿದ್ಯಮಾನದ ಆಡಿಯೊ, ವಿಡಿಯೊ ಮಾಡುವ ಸಂಸ್ಥೆಗೆ ಅದೇ ಕಾಯ್ದೆಯ ಸೆಕ್ಷನ್ 3 ನೇರ ನಿಷೇಧ ಹೇರಿದೆ. ದೇಣಿಗೆ ಪುಟದಲ್ಲಿ ‘ನಾನು ಭಾರತದ ಪ್ರಜೆ’ ಎಂಬ ಗುರುತು ಹಾಕದೆ ಮುಂದೆ ಹೋಗದಂತೆ ಮಾಡಿ, ಹೆಸರು ಮತ್ತು ಪ್ಯಾನ್ ಪಡೆದಿಡಿ. ಪಕ್ಷ, ಅಭ್ಯರ್ಥಿ, ಅವರ ಹತ್ತಿರದವರಿಂದ ಬಂದ ದೇಣಿಗೆ ವಾಪಸು ಕಳಿಸಿ. ಪ್ರತಿ ತಿಂಗಳು ಬಂದದ್ದು, ಹೋದದ್ದು ಎರಡು ಸಾಲಿನಲ್ಲಿ ತಾಣದಲ್ಲೇ ಹಾಕಿದರೆ ‘ಯಾರ ದುಡ್ಡು’ ಎಂಬ ಪ್ರಶ್ನೆಗೆ ಉತ್ತರಿಸುತ್ತಾ ಕೂರುವ ಕೆಲಸ ತಪ್ಪುತ್ತದೆ.

ಲೇಖನ ಬಂದಾಗಿನಿಂದ ಪ್ರಕಟವಾಗುವವರೆಗೆ

ಲೇಖನವನ್ನು ವಾಟ್ಸ್‌ಆ್ಯಪ್‌ನಲ್ಲಿ ತೆಗೆದುಕೊಳ್ಳಬೇಡಿ. ಒಂದು ಫಾರ್ಮ್ ಇರಲಿ, ಅದರಲ್ಲಿ ಐದೇ ಪ್ರಶ್ನೆ: ಲೇಖನದ ವಾದ ಒಂದು ವಾಕ್ಯದಲ್ಲಿ ಏನು, ಬಳಸಿದ ಅಂಕಿಅಂಶಗಳ ಕೊಂಡಿ ಯಾವುವು, ಬೇರೆಡೆ ಪ್ರಕಟವಾಗಿದೆಯೇ, ಲೇಖಕರಿಗೆ ಯಾವುದಾದರೂ ಪಕ್ಷ, ಸರ್ಕಾರಿ ಹುದ್ದೆ, ಗುತ್ತಿಗೆಯ ನಂಟಿದೆಯೇ, ತಿದ್ದಿ ಪ್ರಕಟಿಸಲು ಒಪ್ಪಿಗೆ ಇದೆಯೇ. ಮೊದಲ ಪ್ರಶ್ನೆಯೇ ಅರ್ಧ ಲೇಖನಗಳನ್ನು ಸೋಸುತ್ತದೆ. ವಾದವನ್ನು ಒಂದು ವಾಕ್ಯದಲ್ಲಿ ಹೇಳಲಾಗದವರು ಸಾವಿರ ಪದದಲ್ಲೂ ಹೇಳಿರುವುದಿಲ್ಲ.

ಕೊನೆಯ ಪ್ರಶ್ನೆಗೆ ಕಾನೂನಿನ ತೂಕವಿದೆ. ಹಕ್ಕುಸ್ವಾಮ್ಯ ಕಾಯ್ದೆ 1957ರ ಪ್ರಕಾರ ಪರವಾನಗಿ ಬರವಣಿಗೆಯಲ್ಲಿ ಇರಬೇಕು. ಹಕ್ಕು ವರ್ಗಾಯಿಸಿಕೊಂಡಾಗ ಅವಧಿ ಬರೆದಿರದಿದ್ದರೆ ಐದು ವರ್ಷ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದೇ ಅರ್ಥ. ಸಂಬಳವಿಲ್ಲದೆ ಬರೆದವರಿಂದ ಹಕ್ಕನ್ನೇ ಬರೆಸಿಕೊಳ್ಳುವುದು ಸರಿಯೂ ಅಲ್ಲ. ‘ಈ ತಾಣದಲ್ಲಿ ಕಾಲಮಿತಿ ಇಲ್ಲದೆ, ಎಲ್ಲ ದೇಶಗಳಲ್ಲಿ ಪ್ರಕಟಿಸಲು ಅನುಮತಿ, ಹಕ್ಕು ಲೇಖಕರದೇ’ ಎಂಬ ಒಂದು ಸಾಲು ಸಾಕು.

ಬಂದ ಲೇಖನದ ಮಧ್ಯದಿಂದ ಒಂದು ವಾಕ್ಯ ತೆಗೆದು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಪಕ್ಷಗಳ ಐಟಿ ಸೆಲ್‌ನಲ್ಲಿ ತಯಾರಾದ ಒಂದೇ ಬರಹ ಮೂರು ಹೆಸರಿನಲ್ಲಿ ಮೂರು ಕಡೆ ಹೋಗಿರುವುದು ಇಲ್ಲಿ ಬಯಲಾಗುತ್ತದೆ. ಆಮೇಲೆ ಅಂಕಿಅಂಶ. ಅಭಿಪ್ರಾಯ ಲೇಖಕರದು, ಅಂಕಿ ತಾಣದ್ದು ಎಂಬ ನಿಯಮ ಇಟ್ಟುಕೊಳ್ಳಿ. ಪ್ರತಿ ಸಂಖ್ಯೆಯ ಕೆಳಗೆ ಗೆರೆ ಎಳೆದು ಮೂಲ ದಾಖಲೆ ತೆರೆದು ನೋಡಿ.

ಒಂದು ಉದಾಹರಣೆ ಬಿಡಿಸಿ ನೋಡೋಣ. ‘2023ರ ವಿಧಾನಸಭಾ ಚುನಾವಣೆಯಲ್ಲಿ ಜನ ಬಿಜೆಪಿಯ ಕೈಬಿಟ್ಟರು, ಅದರ ಮತ ಕುಸಿದುಬಿತ್ತು’ ಎಂದು ಲೇಖನದಲ್ಲಿದೆ. ಸ್ಥಾನಗಳು 104ರಿಂದ 66ಕ್ಕೆ ಇಳಿದದ್ದು ನಿಜ. ಚುನಾವಣಾ ಆಯೋಗದ ಪಟ್ಟಿಯಲ್ಲಿ ಮತಪ್ರಮಾಣ ನೋಡಿದರೆ 2018ರಲ್ಲೂ 2023ರಲ್ಲೂ ಬಿಜೆಪಿಗೆ ಬಂದದ್ದು ಶೇ 36ರ ಆಸುಪಾಸು. ಕಾಂಗ್ರೆಸ್ ಶೇ 38ರಿಂದ ಸುಮಾರು 43ಕ್ಕೆ ಏರಿತು, ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು. ವಾಕ್ಯದ ಮೊದಲರ್ಧ ಅಭಿಪ್ರಾಯ, ಎರಡನೆಯದು ಸುಳ್ಳು. ಹಾಗೆಂದು ‘ಜೆಡಿಎಸ್ ಮತದಾರರು ಕಾಂಗ್ರೆಸ್ಸಿಗೆ ಹೋದರು’ ಎಂದು ತಿದ್ದಿದರೆ ಅದೂ ತಪ್ಪು. ಒಟ್ಟು ಮೊತ್ತದಿಂದ ಯಾರು ಯಾರಿಗೆ ಹಾಕಿದರು ಎಂದು ಗೊತ್ತಾಗುವುದಿಲ್ಲ. ಇನ್ನೊಂದು ಗುಂಡಿಯೂ ಇದೆ: 2018ರ ಆ 104 ಸ್ಥಾನ, ಮೊದಲಿಗೆ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಂದದ್ದು, 224ರಲ್ಲಲ್ಲ. ಲೇಖಕರಿಗೆ ಕಳಿಸಬೇಕಾದ ಟಿಪ್ಪಣಿ ಇಷ್ಟೇ: ‘ಸ್ಥಾನ ಕುಸಿಯಿತು, ಮತಪ್ರಮಾಣ ಕದಲಲಿಲ್ಲ. ನಿಮ್ಮ ವಾದ ಇದರ ಮೇಲೆ ನಿಲ್ಲುತ್ತದೆಯೇ ನೋಡಿ.’ ಎಷ್ಟೋ ಸಲ ಇದರಿಂದ ಮೊದಲಿಗಿಂತ ಒಳ್ಳೆಯ ಲೇಖನ ಹುಟ್ಟುತ್ತದೆ.

ಬಜೆಟ್ ಬಗ್ಗೆ ಬರೆದದ್ದಾದರೆ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕ (ನಿಜವಾಗಿ ಆದದ್ದು) ಎಂಬ ಮೂರು ಕಾಲಂಗಳಲ್ಲಿ ಯಾವುದರ ಅಂಕಿ ಎಂದು ಕೇಳಿ. 2024-25ರ ರಾಜ್ಯ ಬಜೆಟ್ ಗಾತ್ರ ₹3,71,383 ಕೋಟಿ, ಐದು ಗ್ಯಾರಂಟಿಗಳಿಗೆ ತೆಗೆದಿಟ್ಟದ್ದು ಸುಮಾರು ₹52,000 ಕೋಟಿ, ಅಂದರೆ ಶೇ 14. ಇದು ಅಂದಾಜು. ‘ಖರ್ಚಾಯಿತು’ ಎಂದು ಬರೆಯಲು ಮುಂದಿನ ವರ್ಷಗಳ ಲೆಕ್ಕದ ಕಾಲಂ ಅಥವಾ ಸಿಎಜಿ ವರದಿ ಬೇಕು. ಅಭ್ಯರ್ಥಿಯ ಆಸ್ತಿ, ಮೊಕದ್ದಮೆಗಳಿಗೆ ನಮೂನೆ 26ರ ಪ್ರಮಾಣಪತ್ರ, ಮತಗಟ್ಟೆವಾರು ಮತಗಳಿಗೆ ನಮೂನೆ 20 ಮೂಲ. ಎಲ್ಲೂ ಸಿಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮರೆತು ಎರಡು ಪುಟ ಬರೆದ ಅರ್ಜಿ ಆ ಕಾರಣಕ್ಕೇ ತಿರಸ್ಕೃತವಾಗಿ ಒಂದು ತಿಂಗಳು ಹಾಳಾಗುತ್ತದೆ.

ಭಾಷೆ ತಿದ್ದುವಾಗ ಕನ್ನಡದಲ್ಲಿ ಸುಲಭವಾಗಿ ನುಸುಳುವ ಒಂದು ಪಕ್ಷಪಾತ ಕಣ್ಣಿಗೆ ಬೀಳುತ್ತದೆ: ಮೆಚ್ಚಿದ ನಾಯಕರಿಗೆ ‘ಅವರು ಹೇಳಿದರು’, ಮೆಚ್ಚದವರಿಗೆ ‘ಅವನು ಹೇಳಿದ’. ಬದುಕಿರುವ ಎಲ್ಲ ರಾಜಕಾರಣಿಗಳಿಗೂ ಬಹುವಚನ ಎಂದು ನಿಯಮ ಮಾಡಿಬಿಡಿ. ಹೆಂಗಸರನ್ನು ಬರೀ ಮೊದಲ ಹೆಸರಿನಿಂದ, ಗಂಡಸರನ್ನು ಮನೆತನದ ಹೆಸರಿನಿಂದ ಕರೆಯುವ ಚಾಳಿಯನ್ನೂ ಇದೇ ಏಟಿಗೆ ನಿಲ್ಲಿಸಿ.

ಪ್ರಕಟವಾದ ಮೇಲೆ ತಪ್ಪು ಕಂಡರೆ ಸದ್ದಿಲ್ಲದೆ ಬದಲಿಸಬೇಡಿ. ವಿಷಯದ ತಪ್ಪಾದರೆ ಲೇಖನದ ತುದಿಯಲ್ಲಿ ದಿನಾಂಕದೊಂದಿಗೆ ತಿದ್ದುಪಡಿ ಹಾಕಿ, ತಲೆಬರಹವೇ ತಪ್ಪಾಗಿದ್ದರೆ ಮೇಲ್ಗಡೆ ಹಾಕಿ. ಕಾಗುಣಿತದ ತಪ್ಪಿಗೆ ಟಿಪ್ಪಣಿ ಬೇಡ.

ನುಡಿ ಫೈಲು, ರ‍್ಯಾಲಿ, ಉದ್ದನೆಯ ಕೊಂಡಿ

ಹಿರಿಯ ಲೇಖಕರು ಇನ್ನೂ ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ್ದು) ಟೈಪ್ ಮಾಡುತ್ತಾರೆ. ಅದನ್ನು ತಾಣಕ್ಕೆ ಅಂಟಿಸಿದರೆ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ (ಎಲ್ಲ ಸಾಧನಗಳೂ ಓದುವ ಸಂಕೇತ ಪದ್ಧತಿ) ಮಾಡಿದ ಮೇಲೆ ಮೂರು ಕಡೆ ಕಣ್ಣಾಡಿಸಲೇಬೇಕು: ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಮಧ್ಯೆ ಇದ್ದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡವಾಗಿರುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗಿರುತ್ತವೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಅದನ್ನು ಲೇಖಕರಿಗೆ ಫೋನಿನಲ್ಲಿ ಒಮ್ಮೆ ತೋರಿಸಿಕೊಟ್ಟರೆ ಹತ್ತು ನಿಮಿಷ ಹೋಗುತ್ತದೆ, ವರ್ಷಕ್ಕೆ ಹತ್ತಾರು ಗಂಟೆ ಉಳಿಯುತ್ತದೆ.

ರಾಜಕೀಯ ತಾಣದಲ್ಲಿ ದಿನಾ ಬರುವ ‘ರ‍್ಯಾಲಿ’ ಸರಿಯಾಗಿ ಕಾಣಬೇಕಾದರೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಬೇಕು. ಇಲ್ಲದಿದ್ದರೆ ‘ರ್ಯಾಲಿ’ ಎಂದು ಅರ್ಕಾವತ್ತು ಬೀಳುತ್ತದೆ. ಒಬ್ಬರು ಹಾಗೆ, ಒಬ್ಬರು ಹೀಗೆ ಬರೆದರೆ ತಾಣದ ಹುಡುಕಾಟದಲ್ಲಿ ಅರ್ಧ ಲೇಖನಗಳು ಸಿಗುವುದೇ ಇಲ್ಲ. ‘ಸಿದ್ದರಾಮಯ್ಯ’ ಅನ್ನು ಕೆಲವರು ‘ಸಿದ್ಧರಾಮಯ್ಯ’ ಎಂದು ಬರೆಯುವುದರಿಂದಲೂ ಇದೇ ತೊಂದರೆ. ನೂರು, ನೂರೈವತ್ತು ಪದಗಳ ವಾಡಿಕೆ ಪಟ್ಟಿ ಮಾಡಿ ಎಲ್ಲರಿಗೂ ಕೊಡಿ: ನಾಯಕರ, ಪಕ್ಷಗಳ, ಊರುಗಳ, ಯೋಜನೆಗಳ ಹೆಸರು, ಶೇ ಬಳಸಬೇಕೋ ಶೇಕಡಾ ಬಳಸಬೇಕೋ ಎಂಬುದು. ಪಟ್ಟಿಯಲ್ಲಿರುವ ರೂಪವೇ ಸರಿ, ಅದರ ಮೇಲೆ ಚರ್ಚೆ ವರ್ಷಕ್ಕೊಮ್ಮೆ ಮಾತ್ರ.

ಲೇಖನದ ಕೊಂಡಿಯನ್ನು ರೋಮನ್ ಅಕ್ಷರಗಳಲ್ಲಿ ನಾಲ್ಕೈದು ಪದಕ್ಕೆ ಇಡಿ. ಕನ್ನಡದ ಒಂದೊಂದು ಸಂಕೇತವೂ (ಅಕ್ಷರ, ಕಾಗುಣಿತದ ಚಿಹ್ನೆ ಎಲ್ಲ ಬೇರೆಬೇರೆ ಸಂಕೇತ) ಕೊಂಡಿಯಲ್ಲಿ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ, ವರ್ಡ್‌ಪ್ರೆಸ್ (ತಾಣ ನಡೆಸುವ ತಂತ್ರಾಂಶ) ಇದನ್ನು 200 ಅಕ್ಷರಕ್ಕೆ ಕತ್ತರಿಸುತ್ತದೆ. ಅಂದರೆ ಇಪ್ಪತ್ತೆರಡು ಸಂಕೇತ ದಾಟುವಷ್ಟರಲ್ಲಿ ತಲೆಬರಹದ ಬಾಲ ಹೋಗಿರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ಅರ್ಧ ಪರದೆ ಶೇಕಡಾ ಚಿಹ್ನೆಗಳೇ ತುಂಬಿರುತ್ತವೆ.

ಫಾಂಟ್‌ಗೆ ನೋಟೋ ಸೆರಿಫ್ ಕನ್ನಡ ಅಥವಾ ಅನೇಕ್ ಕನ್ನಡ, ಎರಡೂ ಉಚಿತ. ಒತ್ತಕ್ಷರಗಳು ಕೆಳಸಾಲಿಗೆ ತಾಗದಂತೆ ಸಾಲಿನ ಅಂತರ ಅಕ್ಷರದ ಅಳತೆಯ 1.7 ಪಟ್ಟು ಇರಲಿ. ಇಂಗ್ಲಿಷ್ ಥೀಮ್‌ಗಳು 1.4, 1.5 ಕೊಟ್ಟಿರುತ್ತವೆ. ಕನ್ನಡಕ್ಕೆ ಓರೆ ಅಕ್ಷರ ಒಗ್ಗುವುದಿಲ್ಲ, ಬಳಸಬೇಡಿ.

ಯಂತ್ರದ ಕೆಲಸ

ಹೊಸ ಸ್ವಯಂಸೇವಕರಿಗೆ ವರ್ಡ್‌ಪ್ರೆಸ್‌ನಲ್ಲಿ ಕಂಟ್ರಿಬ್ಯೂಟರ್ ಪಾತ್ರ ಕೊಡಿ. ಅವರು ಬರೆಯಬಹುದು, ಪ್ರಕಟಿಸಲಾರರು. ಎಡಿಟರ್ ಪಾತ್ರ ಮೂವರಿಗೆ, ಅಡ್ಮಿನ್ ಇಬ್ಬರಿಗೆ ಮಾತ್ರ. ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ. ಬೇಡದ ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ಕಿರು ತಂತ್ರಾಂಶ) ನಿಷ್ಕ್ರಿಯ ಮಾಡಿದರೆ ಸಾಲದು, ತೆಗೆದೇಹಾಕಿ. ದಿನಾ ರಾತ್ರಿ ಬ್ಯಾಕಪ್ ಆಗಲಿ, ಅದರ ಒಂದು ಪ್ರತಿ ಹೋಸ್ಟಿಂಗ್ ಖಾತೆಯ ಹೊರಗಿರಲಿ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಪ್ರಾಯೋಗಿಕ ತಾಣವೊಂದನ್ನು ಎಬ್ಬಿಸಿ ನೋಡಿ. ಬ್ಯಾಕಪ್ ಇದೆ ಎಂದು ನಂಬಿದ್ದವರಿಗೆ ಚಿತ್ರಗಳ ಕಡತವೇ ಅದರಲ್ಲಿ ಸೇರಿರಲಿಲ್ಲ ಎಂದು ಗೊತ್ತಾಗುವುದು ತಾಣ ಬಿದ್ದ ದಿನ.

ಮತ ಎಣಿಕೆಯ ದಿನ ಓದುಗರು ಒಮ್ಮೆಲೇ ನುಗ್ಗುತ್ತಾರೆ. ಕ್ಲೌಡ್‌ಫ್ಲೇರ್‌ನ ಉಚಿತ ಯೋಜನೆಯ (ಓದುಗರ ಒತ್ತಡವನ್ನು ತಾನು ಹೊರುವ ಸೇವೆ) ಜತೆ ಪುಟಗಳ ಸಿದ್ಧ ಪ್ರತಿ ಇಟ್ಟುಕೊಳ್ಳುವ (ಕ್ಯಾಶ್) ವ್ಯವಸ್ಥೆಯನ್ನು ಹಿಂದಿನ ವಾರವೇ ಜೋಡಿಸಿ, ಆ ದಿನ ಯಾವ ಪ್ಲಗಿನ್ ಅನ್ನೂ ಅಪ್‌ಡೇಟ್ ಮಾಡಬೇಡಿ. ಕೊಂಡಿ ಹಂಚಿದಾಗ ಕಾಣುವ ಚಿತ್ರ 1200×630 ಅಳತೆಯಲ್ಲಿ, 300 ಕೆಬಿಯೊಳಗಿರಲಿ. ಗೂಗಲ್‌ನಲ್ಲಿ ಸಿಕ್ಕ ಸುದ್ದಿಸಂಸ್ಥೆಯ ಫೋಟೊ ಹಾಕಿದರೆ ಬಿಲ್ಲು ಬರುತ್ತದೆ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದು ಛಾಯಾಗ್ರಾಹಕರ ಹೆಸರು, ಪರವಾನಗಿ ನಮೂದಿಸಿ.

ಕಾನೂನು: ಎಲ್ಲಿ ಕಾಲು ಜಾರುತ್ತದೆ

ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ಹೇಳುತ್ತಿದ್ದ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಉಳಿದಿರುವ ಭಯ ಮಾನಹಾನಿಯದು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356 ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಇದೆ. ಸಾರ್ವಜನಿಕ ಹುದ್ದೆಯಲ್ಲಿ ಇರುವವರ ನಡವಳಿಕೆಯ ಬಗ್ಗೆ ಸದುದ್ದೇಶದ ಅಭಿಪ್ರಾಯಕ್ಕೆ ಅದೇ ಸೆಕ್ಷನ್ ವಿನಾಯಿತಿಯನ್ನೂ ಕೊಟ್ಟಿದೆ. ‘ಸಚಿವರು ಲಂಚ ತಿಂದರು’ ಎಂಬುದು ಅಭಿಪ್ರಾಯವಲ್ಲ, ಆರೋಪ. ‘ಲೋಕಾಯುಕ್ತ ಎಫ್‌ಐಆರ್‌ನಲ್ಲಿ ಹೆಸರಿರುವ ಸಚಿವರು ರಾಜೀನಾಮೆ ಕೊಡಬೇಕು’ ಎಂಬುದು ಅಭಿಪ್ರಾಯ, ಎಫ್‌ಐಆರ್ ಪ್ರತಿ ನಿಮ್ಮ ಕೈಯಲ್ಲಿ ಇರುವವರೆಗೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ ಮಾಧ್ಯಮಗಳ ಮೇಲೆ ತಡೆಯಾಜ್ಞೆ ತರುವುದು ರಾಜ್ಯದ ರಾಜಕಾರಣಿಗಳಿಗೆ ವಾಡಿಕೆಯೇ ಆಗಿದೆ. ಯಾರ ಬಗ್ಗೆ ಬರೆಯುತ್ತಿದ್ದೀರೋ ಅವರು ಅಂಥದ್ದು ತಂದಿದ್ದಾರೆಯೇ ಎಂದು ಹುಡುಕಿ ನೋಡಿ.

2021ರ ಡಿಜಿಟಲ್ ಮಾಧ್ಯಮ ನಿಯಮಗಳ ನೀತಿಸಂಹಿತೆ, ಮೂರು ಹಂತದ ದೂರು ವ್ಯವಸ್ಥೆಗೆ ಸಂಬಂಧಿಸಿದ 9(1) ಮತ್ತು 9(3) ಉಪನಿಯಮಗಳಿಗೆ ಬಾಂಬೆ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಆದರೂ ದೂರು ಸ್ವೀಕರಿಸುವವರ ಹೆಸರು, ಇಮೇಲ್ ತಾಣದಲ್ಲಿ ಹಾಕಿ, ನಿಯಮ ಹೇಳುವ 15 ದಿನದೊಳಗೆ ಉತ್ತರ ಕೊಡಿ. ಖರ್ಚಿಲ್ಲದ ರಕ್ಷಣೆ ಇದು. ಎಷ್ಟೋ ವಕೀಲರ ನೋಟಿಸುಗಳು ಇಲ್ಲಿಗೇ ತಣ್ಣಗಾಗುತ್ತವೆ.

ಚುನಾವಣೆಯ ಕಾಲಕ್ಕೆ ಬೇರೆ ಕ್ಯಾಲೆಂಡರ್ ಬೇಕು. ಪ್ರಜಾಪ್ರಾತಿನಿಧ್ಯ ಕಾಯ್ದೆ 1951ರ 126ಎ ಪ್ರಕಾರ ಮತಗಟ್ಟೆ ಸಮೀಕ್ಷೆಯ (ಎಕ್ಸಿಟ್ ಪೋಲ್) ಫಲಿತಾಂಶವನ್ನು ಮೊದಲ ಹಂತದ ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆ ಆಗುವವರೆಗೆ ಹಾಕುವಂತಿಲ್ಲ, ಅಂತರ್ಜಾಲವೂ ಅದರೊಳಗೆ ಸೇರಿದೆ. 2024ರಲ್ಲಿ ಕರ್ನಾಟಕದ 28 ಕ್ಷೇತ್ರಗಳ ಮತದಾನ ಮೇ 7ಕ್ಕೇ ಮುಗಿದಿತ್ತು, ನಿಷೇಧ ಮಾತ್ರ ಜೂನ್ 1ರ ಸಂಜೆ 6.30ರವರೆಗೆ ಇತ್ತು. ‘ನಮ್ಮಲ್ಲಿ ಮುಗಿಯಿತಲ್ಲ’ ಎಂದು ಹಾಕಿದ್ದರೆ ಎರಡು ವರ್ಷದವರೆಗಿನ ಶಿಕ್ಷೆಗೆ ದಾರಿ. ಮತದಾನ ಮುಗಿಯುವ ಹೊತ್ತಿಗಿಂತ ಹಿಂದಿನ 48 ಗಂಟೆಯಲ್ಲಿ ಜನಾಭಿಪ್ರಾಯ ಸಮೀಕ್ಷೆಯನ್ನೂ ಹಾಕಬೇಡಿ. ಅಭ್ಯರ್ಥಿಯ ಜಾಹೀರಾತಿಗೆ ಆಯೋಗದ ಮಾಧ್ಯಮ ಸಮಿತಿಯ ಪೂರ್ವ ಪ್ರಮಾಣೀಕರಣ ಬೇಕು. ಸ್ವಯಂಸೇವಕರ ತಾಣ ಈ ಜಾಹೀರಾತುಗಳನ್ನೇ ಬೇಡ ಎಂದರೆ ತಲೆನೋವು ಇಲ್ಲ.

ಓದುಗರ ಪ್ರತಿಕ್ರಿಯೆಗಳನ್ನು ನೋಡಿ ಬಿಡುವಷ್ಟು ಗಂಟೆ ಇಲ್ಲದಿದ್ದರೆ ಪ್ರತಿಕ್ರಿಯೆಯ ಜಾಗವನ್ನೇ ಮುಚ್ಚಿ, ‘ಸಂಪಾದಕರಿಗೆ ಪತ್ರ’ ತೆರೆಯಿರಿ; ವಾರಕ್ಕೆ ಮೂರು ಒಳ್ಳೆಯ ಪತ್ರ ಸಾಕು. ತೆರೆದಿಡುವುದಾದರೆ 14 ದಿನಕ್ಕೆ ಮುಚ್ಚುವಂತೆ ಹೊಂದಿಸಿ. ಜಾತಿ ಹೆಸರು ಹಿಡಿದ ಬೈಗುಳ ಹಳೆಯ ಲೇಖನಗಳ ಅಡಿಯಲ್ಲಿ ಯಾರೂ ನೋಡದಾಗಲೇ ಸೇರಿಕೊಳ್ಳುತ್ತದೆ.

ಸುಧಾರಣೆ, ಬದಲಾವಣೆ

ಎಷ್ಟು ಜನ ನೋಡಿದರು ಎಂಬುದಕ್ಕಿಂತ ತಿಂಗಳಲ್ಲಿ ಎಷ್ಟು ಜನ ಮತ್ತೆ ಬಂದರು, ಇಮೇಲ್ ಅಥವಾ ವಾಟ್ಸ್‌ಆ್ಯಪ್ ಚಾನೆಲ್‌ಗೆ ಎಷ್ಟು ಜನ ಸೇರಿದರು ಎಂದು ನೋಡಿ. ಆರು ತಿಂಗಳಿಗೊಮ್ಮೆ ಹೆಚ್ಚು ಓದಿದ 20 ಹಳೆಯ ಲೇಖನ ತೆರೆದು, ಸತ್ತ ಕೊಂಡಿ, ಬದಲಾದ ಅಂಕಿ ಸರಿಪಡಿಸಿ ದಿನಾಂಕ ಹಾಕಿ. ಹೊಸ ನಾಲ್ಕು ಲೇಖನಕ್ಕಿಂತ ಇದರ ಫಲ ಹೆಚ್ಚು.

ಸ್ವಯಂಸೇವಕರಿಗೆ ಆರು ತಿಂಗಳ ಅವಧಿ ಗೊತ್ತುಮಾಡಿ. ಕೊನೆ ದಿನಾಂಕ ಗೊತ್ತಿದ್ದವರು ಅಲ್ಲಿಯವರೆಗೆ ನಿಲ್ಲುತ್ತಾರೆ. ಗೊತ್ತಿಲ್ಲದವರು ಒಂದು ದಿನ ಗ್ರೂಪಿನಿಂದ ಸುಮ್ಮನೆ ಹೊರಬೀಳುತ್ತಾರೆ. ಪ್ರತಿ ಕೆಲಸಕ್ಕೂ ಇಬ್ಬರು, ಪ್ರತಿ ಕೆಲಸಕ್ಕೂ ಒಂದು ಪುಟದ ಬರಹ. ಪಾಸ್‌ವರ್ಡ್‌ಗಳು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿರಲಿ, ಗ್ರೂಪಿನ ಮೆಸೇಜಿನಲ್ಲಿ ಬೇಡ. ಹೊರಹೋಗುವವರ ಪ್ರವೇಶವನ್ನು ಅದೇ ದಿನ ನಿಲ್ಲಿಸಿ, ಆದರೆ ವರ್ಡ್‌ಪ್ರೆಸ್‌ನಲ್ಲಿ ಅವರ ಖಾತೆ ಅಳಿಸಬೇಡಿ. ಅಳಿಸುವಾಗ ‘ಎಲ್ಲ ಬರಹಗಳನ್ನೂ ಅಳಿಸು’ ಎಂಬ ಆಯ್ಕೆಯೂ ಪರದೆಯಲ್ಲಿ ಬರುತ್ತದೆ. ಅವಸರದಲ್ಲಿ ಅದನ್ನೇ ಒತ್ತಿದರೆ ಅವರ ಹೆಸರಿನ ಲೇಖನಗಳೆಲ್ಲ ಹೋಗುತ್ತವೆ. ಪಾಸ್‌ವರ್ಡ್ ಬದಲಿಸಿ, ಪಾತ್ರವನ್ನು ಸಬ್‌ಸ್ಕ್ರೈಬರ್‌ಗೆ ಇಳಿಸಿದರೆ ಲೇಖನವೂ ಹೆಸರೂ ಉಳಿಯುತ್ತವೆ.